ಮುಚ್ಚಳ ಆಮೇಲೆ, ಮೊದಲು ಕೆಳಗಿನ ಸ್ಕ್ರೂ: ಹಳೆಯ ಬೋಟ್ ಮೋಟರಿನ ಬೆಲೆ ಕಟ್ಟುವುದು

ಆಲಮಟ್ಟಿ ಹಿನ್ನೀರಿನ ದಂಡೆಯ ಊರುಗಳಿಂದ ದೋಣಿಯ ಹಳೆಯ ಮೋಟರು ರಿಪೇರಿಗೆ ಬಂದಾಗ ಕೇಳುವ ಮಾತು ಒಂದೇ: "ಅಜ್ಜಾರ ಕಾಲದ್ದು ರೀ, ಇಟ್ಕೊಳ್ಳೂದೋ, ಗುಜರಿಗೆ ಹಾಕೂದೋ?" ಮೇಲಿನ ಮುಚ್ಚಳ ತೆಗೆದು ಇಂಜಿನ್ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ನಾನು ಮೊದಲು ಕೂಡುವುದು ಅದರ ಬುಡಕ್ಕೆ. ಪ್ರೊಪೆಲ್ಲರ್ ಇರುವ ಗೇರ್ ಪೆಟ್ಟಿಗೆಗೆ ಎರಡು ಸ್ಕ್ರೂ ಇರುತ್ತವೆ, ಮೇಲೊಂದು ಕೆಳಗೊಂದು. ಮೋಟರನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಅಲುಗಾಡಿಸದೆ ಕೆಳಗಿನದನ್ನು ಸಡಿಲಿಸಬೇಕು. ನೀರು ಎಣ್ಣೆಗಿಂತ ಭಾರ. ಒಳಗಿದ್ದರೆ ಮೊದಲು ಅದೇ ಜಿನುಗುತ್ತದೆ. ಎಣ್ಣೆ ಕರ್ರಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಹೋಗಿದೆ. ಎಣ್ಣೆಯಲ್ಲಿ ಹಿಟ್ಟಿನಂಥ ಕಬ್ಬಿಣದ ಪುಡಿ ಇರುವುದು ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲಿಗೆ ಪೆಟ್ಟಾಗಿದೆ ಎಂದೇ ಹಿಡಿಯಿರಿ.

ಸೀಲ್ ಹಾಳಾಗಲು ಇಲ್ಲಿ ಮುಖ್ಯ ಕಾರಣ ವಯಸ್ಸಲ್ಲ, ಬಲೆಯ ನೈಲಾನ್ ದಾರ. ಅದು ಪ್ರೊಪೆಲ್ಲರ್ ಮತ್ತು ಗೇರ್ ಪೆಟ್ಟಿಗೆಯ ನಡುವಿನ ಶಾಫ್ಟಿಗೆ ಸುತ್ತಿಕೊಂಡು ಸೀಲಿನ ರಬ್ಬರ್ ಅಂಚನ್ನು ಕೊಯ್ಯುತ್ತದೆ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ದಾರ ಕತ್ತರಿಸಿ ತೆಗೆದರೆ ಸಾಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಏರಿಸಬೇಕು. ಮೇಲಿಂದ ಸುರಿದರೆ ಗಾಳಿ ಸಿಕ್ಕಿಹಾಕಿಕೊಂಡು ಪೆಟ್ಟಿಗೆ ಅರ್ಧಂಬರ್ಧ ತುಂಬುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ನಳಿಕೆ ತೆಗೆದು ಕೆಳಗಿನದನ್ನು ಹಾಕಬೇಕು. ಎರಡಕ್ಕೂ ಹೊಸ ವಾಶರ್. ಎರಡು ರೂಪಾಯಿ ಉಳಿಸಲು ಹಳೆಯ ವಾಶರ್ ಹಾಕಿ ಗೇರ್ ಕಳೆದುಕೊಂಡವರು ಕಡಿಮೆ ಇಲ್ಲ.

ಇನ್ನು ಇಂಪೆಲ್ಲರ್. ಇಂಜಿನ್ನಿಗೆ ತಂಪು ನೀರು ಎತ್ತುವ ಈ ರಬ್ಬರ್ ಚಕ್ರ ನೀರಿಲ್ಲದೆ ತಿರುಗಿದರೆ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. "ಒಂದ್ಸಲ ಚಾಲೂ ಮಾಡಿ ತೋರಿಸ್ತೀನಿ" ಎಂದು ದಂಡೆಯ ಮೇಲೆ ಹಗ್ಗ ಎಳೆಯಲು ಹೊರಟವರ ಕೈ ಹಿಡಿಯಿರಿ. 200 ಲೀಟರಿನ ಬ್ಯಾರಲ್ ತುಂಬಿಸಿ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ಪೂರ್ತಿ ಮುಳುಗುವಂತೆ ನಿಲ್ಲಿಸಿದ ಮೇಲೆಯೇ ಚಾಲೂ ಮಾಡಬೇಕು.

ಇಂಪೆಲ್ಲರ್ ಬದಲಿಸುವಾಗ ಮೊದಲು ಪ್ಲಗ್ಗಿನ ವೈರು ತೆಗೆಯಿರಿ. ಗೇರ್ ರಾಡಿನ ಜೋಡಣೆ ಬಿಚ್ಚಿ, ಸುತ್ತಲಿನ ಬೋಲ್ಟು ಕಳಚಿ ಕೆಳಭಾಗವನ್ನು ನೆಟ್ಟಗೆ ಇಳಿಸಿ. ಇಂಪೆಲ್ಲರ್ ಶಾಫ್ಟಿಗೆ ಕೂರುವ ಸಣ್ಣ ಕೀಲಿ ಜಾರಿ ಬೀಳುತ್ತದೆ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡರೆ ಹುಡುಕುವುದು ತಪ್ಪುತ್ತದೆ. ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆ ಬಿದ್ದರೆ ಅದು ಮೇಲಿನ ನೀರಿನ ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿದೆ. ಅದನ್ನು ತೆಗೆಯದೆ ಹೊಸದು ಹಾಕಿ ಉಪಯೋಗವಿಲ್ಲ. ಹೊಸದಕ್ಕೆ ಸೋಪಿನ ನೀರು ಸವರಿ, ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಪಂಪಿನ ಬಟ್ಟಲೊಳಗೆ ಒತ್ತಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಬೇಕು, ತಲೆಯ ಮೇಲೆ ಹಚ್ಚಬಾರದು. ಅಲ್ಲಿ ಗ್ರೀಸ್ ಒತ್ತಿಕೊಂಡು ಶಾಫ್ಟ್ ಪೂರ್ತಿ ಒಳಗೆ ಕೂರುವುದಿಲ್ಲ. ಪಂಪಿನ ಬಟ್ಟಲನ್ನು ಉಗುರಿನಿಂದ ಗೀರಿ ನೋಡಿ. ನಮ್ಮ ಹಿನ್ನೀರಿನಲ್ಲಿ ಎರೆಮಣ್ಣಿನ ರಾಡಿ ಹೆಚ್ಚು, ಅದು ಬಟ್ಟಲನ್ನು ತೇಯುತ್ತದೆ. ಉಗುರಿಗೆ ಗೆರೆ ಸಿಕ್ಕರೆ ಬಟ್ಟಲೂ ಹೊಸದು ಬೇಕು.

ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬಂದ ಮೋಟರು ಹೊರಗೆ ಎಷ್ಟೇ ಹೊಳೆದರೂ ನಾನು ಎರಡು ಸಲ ನೋಡುತ್ತೇನೆ. ಬೋಲ್ಟಿನ ಸುತ್ತ ಬಣ್ಣ ಗುಳ್ಳೆ ಎದ್ದಿದ್ದರೆ, ಮುಚ್ಚಳದ ಒಳಗೆ ಬಿಳಿ ಪುಡಿಯಿದ್ದರೆ, ತಿರುಗಿಸುವ ಹಿಡಿಕೆ ಬಿಗಿಯಾಗಿದ್ದರೆ ಅದು ಉಪ್ಪಿನ ಕೆಲಸ. ಇಂಜಿನ್ನಿನ ತಲೆಯೊಳಗಿನ ನೀರಿನ ದಾರಿಯಲ್ಲೂ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ. ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡ ಸ್ಟೀಲ್ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಜಗ್ಗಿದರೆ ತಲೆ ಮುರಿದು ಕೈಗೆ ಬರುತ್ತದೆ. ಬಿಸಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾಯಬೇಕು. ಸಮುದ್ರಕ್ಕೆಂದು ಹಾಕಿದ ಸತುವಿನ ಅನೋಡ್ (ಮೋಟರಿನ ಮೈಯ ಬದಲು ತಾನು ಸವೆಯುವ ಲೋಹದ ತುಂಡು) ಸಿಹಿ ನೀರಿನಲ್ಲಿ ಮೇಲೆ ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ಇಲ್ಲಿಗೆ ಮೆಗ್ನೀಸಿಯಂದು ಬೇಕು. ಅಂದ ಕಾಣಲೆಂದು ಅನೋಡಿಗೂ ಬಣ್ಣ ಬಳಿದು ತರುವವರಿದ್ದಾರೆ. ಬಣ್ಣ ಬಳಿದ ಅನೋಡ್ ಇದ್ದೂ ಇಲ್ಲದಂತೆ.

ಇಷ್ಟಾದ ಮೇಲೆ ಮುಚ್ಚಳ. ಪ್ಲಗ್ಗುಗಳನ್ನು ತೆಗೆದು ವೈರುಗಳನ್ನು ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ಗಿನ ತೂತಿಗೆ ಸಿಲಿಂಡರಿನ ಒತ್ತಡ ಅಳೆಯುವ ಗೇಜ್ ಹಾಕಿ ನಾಲ್ಕೈದು ಸಲ ಜೋರಾಗಿ ಹಗ್ಗ ಎಳೆಯಿರಿ. ಸಣ್ಣ ಟೂ-ಸ್ಟ್ರೋಕ್‌ಗಳಲ್ಲಿ ಸಾಮಾನ್ಯವಾಗಿ 90ರಿಂದ 120 ಪಿಎಸ್ಐ ಬರುತ್ತದೆ. ಅಂಕಿಗಿಂತ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಅದು ನೂರಕ್ಕೆ 10 ದಾಟಬಾರದು. ಕಡಿಮೆ ಬಂದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗು ಇಂಗಾಲಕ್ಕೆ ಕಚ್ಚಿಕೊಂಡಿರಲೂಬಹುದು, ಗುಜರಿಯ ಮಾತು ಅವಸರದ್ದು.

ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆ ಮೋಟರಿನ ಮೇಲೆ ಬರೆದಷ್ಟೇ: 50ಕ್ಕೆ 1 ಎಂದಿದ್ದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ, 25ಕ್ಕೆ 1 ಎಂದಿದ್ದರೆ 200 ಮಿಲಿ. ಬೈಕಿನ 2ಟಿ ಎಣ್ಣೆ ಬೇಡ, ನೀರಿನಿಂದ ತಂಪಾಗುವ ದೋಣಿ ಮೋಟರಿಗೆಂದೇ ಇರುವ ಟಿಸಿ-ಡಬ್ಲ್ಯೂ3 ಗುರುತಿನದೇ ಹಾಕಿ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ. ವಾರಕ್ಕೆ ಬೇಕಾದಷ್ಟೇ ಬೆರೆಸಿಕೊಳ್ಳಿ.

ಬೆಲೆ ಕಟ್ಟುವಾಗ ಇಂಪೆಲ್ಲರ್, ಪ್ಲಗ್, ಪೈಪುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವು ಹೇಗೂ ಬದಲಾಗಬೇಕಾದವು. ಒಡೆದ ಗೇರ್ ಪೆಟ್ಟಿಗೆ, ಆಟೆ (ಥ್ರೆಡ್) ಹೋದ ಪ್ಲಗ್ಗಿನ ತೂತು, ಸಿಗದ ಬಿಡಿಭಾಗ, ಬೆಲೆ ಇಳಿಸುವುದು ಈ ಮೂರೇ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆಯ ಹಳೆಯ ಗೋಡೆ, ಜಾಲಿಯ ಬೊಡ್ಡೆಗಳು ಗೇಣು ಆಳದಲ್ಲಿ ಕಾಯುತ್ತಿರುತ್ತವೆ. ಪೆಟ್ಟಿಗೆ ಒಡೆಯುವುದು ಆಗಲೇ. ಹಳೆಯ ಮೋಟರುಗಳಲ್ಲಿ ಅದನ್ನು ಕಾಯಲೆಂದೇ ಪ್ರೊಪೆಲ್ಲರಿಗೆ ಮೆತ್ತನೆಯ ಪಿನ್ನು ಕೊಟ್ಟಿರುತ್ತಾರೆ. ಪದೇ ಪದೇ ಮುರಿಯುತ್ತದೆಂದು ಅದರ ಜಾಗಕ್ಕೆ ಗಟ್ಟಿ ಮೊಳೆ ಬಡಿದಿದ್ದರೆ ಗೇರನ್ನು ಇನ್ನೊಮ್ಮೆ ನೋಡಿ. ಒಂದೇ ಮನೆಯಲ್ಲಿದ್ದು, ಎಣ್ಣೆ ಬದಲಿಸಿದ ತಾರೀಖು ಬರೆದಿಟ್ಟ ಮೋಟರಿಗೆ ನಾನು ಹೆಚ್ಚು ಕೊಡಲು ಹೇಳುತ್ತೇನೆ.

ನೀರು ಇಳಿದ ತಿಂಗಳುಗಳಲ್ಲಿ ತೆಗೆದಿಡುವಾಗ ಪೆಟ್ರೋಲಿನ ಪೈಪ್ ಕಳಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಬ್ಯಾರಲ್‌ನಲ್ಲಿ ಓಡಿಸಿ. ಪ್ರತಿ ಪ್ಲಗ್ಗಿನ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಹಗ್ಗ ಮೆಲ್ಲಗೆ ಎಳೆಯಿರಿ. ನೆಟ್ಟಗೇ ನಿಲ್ಲಿಸಿ, ಕಾಲು (ಪ್ರೊಪೆಲ್ಲರ್ ಇರುವ ಕೆಳಭಾಗ) ಮೇಲಾಗಿ ಮಲಗಿಸಿದರೆ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಹೊರತೆಗೆದಾಗ ಇಂಜಿನ್ನಿನ ನೀರು ಚಿಮ್ಮುವ ಸಣ್ಣ ತೂತಿಗೆ ತೆಳು ತಂತಿ ಹಾಕಿ ನೋಡಿ. ಅಲ್ಲಿ ಕಡಜ ಮಣ್ಣು ಕಟ್ಟಿರುತ್ತದೆ, ಜನ ಪಂಪ್ ಹೋಯಿತೆಂದು ಮೋಟರು ಬಿಚ್ಚುತ್ತಾರೆ.