ಸಿಮ್ ಬದಲಿಸುವ ಮೊದಲು ನಕಾಶೆ ನೋಡಿ, ಅಂಗಳದಲ್ಲಿ ನಿಂತೂ ನೋಡಿ

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಜಾತಿ ಪ್ರಮಾಣಪತ್ರವೋ ಪಿಂಚಣಿ ಅರ್ಜಿಯೋ, ಒಟಿಪಿ ಬರದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಹಾಗಾಗಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ನಮ್ಮನೆ ಹತ್ರ ಯಾವ ಸಿಮ್ ಹಿಡೀತದೆ ಮಾರಾಯ್ರೆ?"

ಹೋದ ಮಳೆಗಾಲದಲ್ಲಿ ಮೇಲಿನಮನೆ ದೊಡ್ಡಮ್ಮ ಯಾರದೋ ಮಾತು ನಂಬಿ ನಂಬರ್ ಪೋರ್ಟ್ ಮಾಡಿಸಿಕೊಂಡರು, ಅಂದರೆ ನಂಬರ್ ಅದೇ, ಕಂಪನಿ ಬೇರೆ. ಹೊಸ ಸಿಮ್ ಮನೆಯೊಳಗೆ ಹಿಡಿಯಲೇ ಇಲ್ಲ. ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಕಂಪನಿ ಬದಲಿಸುವಂತಿಲ್ಲ. ಆ ಮೂರು ತಿಂಗಳು ಮಗನ ಹತ್ತಿರ ಮಾತಾಡಲು ಅವರು ಕೊಡೆ ಹಿಡಿದು ಮನೆ ಹಿಂದಿನ ಧರೆ ಹತ್ತುತ್ತಿದ್ದರು. ಮಂಡಿ ನೋವಿನ ಜೀವ ಅದು. ಇನ್ನೊಬ್ಬರಿಗೆ ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಕಾಶೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಸೇವಾ ಗುಣಮಟ್ಟದ ಹೊಸ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 2ಜಿ, 3ಜಿ, 4ಜಿ, 5ಜಿ ಯಾವುದು ಎಲ್ಲೆಲ್ಲಿ ಸಿಗುತ್ತದೆ ಎಂಬ ನಕಾಶೆಯನ್ನು ಮೊಬೈಲ್ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಕನಿಷ್ಠ ಎಷ್ಟು ಸಿಗ್ನಲ್ ಇದ್ದರೆ ಮಾತ್ರ ಬಣ್ಣ ತುಂಬಬಹುದು ಎಂದು ಅದೇ ನವೆಂಬರ್‌ನಲ್ಲಿ ಮಾರ್ಗಸೂಚಿಯೂ ಬಂತು. ನನಗಂತೂ ಇದು ದೊಡ್ಡ ಸಮಾಧಾನ. ಅಳತೆ ಎಲ್ಲರಿಗೂ ಒಂದೇ ಆದರೆ ತಾನೇ ಎರಡು ಕಂಪನಿಯ ನಕಾಶೆ ಪಕ್ಕಪಕ್ಕ ಇಟ್ಟು ನೋಡಲು ಬರುವುದು?

ಊರ ಹೆಸರು ಹಾಕಿ ಬಣ್ಣ ಕಂಡಿತೆಂದು ಮುಚ್ಚಿಬಿಡಬೇಡಿ. ನಮ್ಮ ಕಡೆ ಊರ ಹೆಸರಿನಲ್ಲಿ ಸಿಗುವುದು ಬಸ್ ನಿಲ್ದಾಣ, ಮನೆ ಇರುವುದು ಎರಡು ಕಿಲೋಮೀಟರ್ ಆಚೆ, ತೋಟದ ತಗ್ಗಿನಲ್ಲಿ. ನಿಮ್ಮ ಮನೆಯ ಜಾಗ ಗುರುತು ಸಿಗುವವರೆಗೆ ದೊಡ್ಡದು ಮಾಡಿ. 4ಜಿಯನ್ನು ಬೇರೆಯಾಗಿ ಆರಿಸಿಕೊಂಡು ನೋಡಿ.

ಆದರೆ ಆ ಬಣ್ಣ ಯಾರೋ ನಿಮ್ಮ ಅಂಗಳಕ್ಕೆ ಬಂದು ಅಳೆದು ಬಳಿದದ್ದಲ್ಲ. ಟವರ್ ಎಲ್ಲಿದೆ, ಆಂಟೆನಾ ಎಷ್ಟೆತ್ತರ, ನಡುವೆ ಗುಡ್ಡ ಕಾಡು ಏನಿದೆ ಎಂದು ಕಂಪ್ಯೂಟರ್ ಹಾಕಿದ ಲೆಕ್ಕ ಅದು. ಅಮೆರಿಕದ ನಿಯಮದಲ್ಲಿ ಇದನ್ನು ಬಿಡಿಸಿಯೇ ಹೇಳಿದ್ದಾರೆ: 4ಜಿ ಇದೆ ಎನ್ನಬೇಕಾದರೆ ವ್ಯಾಪ್ತಿಯ ಅಂಚಿನಲ್ಲೂ 5 ಎಂಬಿಪಿಎಸ್ ಡೌನ್‌ಲೋಡ್, 1 ಎಂಬಿಪಿಎಸ್ ಅಪ್‌ಲೋಡ್ ಸಿಗುವ ಸಾಧ್ಯತೆ ಶೇ 90 ಇರಬೇಕು. ಅದೂ ಬಯಲಲ್ಲಿ ಅಥವಾ ವಾಹನದಲ್ಲಿ. ಮನೆಯೊಳಗಿನ ಮಾತು ಅಲ್ಲಿಯೂ ಇಲ್ಲ.

ಆದ್ದರಿಂದ ಅಳೆಯುವ ಕೆಲಸ ನಮ್ಮದೇ. ಫೋನಿನ ಮೇಲೆ ಕಾಣುವ ಕಡ್ಡಿ ನಂಬಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆಯಿರಿ. ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಗುರುತಿನ ಸಂಖ್ಯೆ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. -100ರಲ್ಲಿ ಕೆಲಸ ನಡೆಯುತ್ತದೆ. -110 ದಾಟಿದರೆ ಮಾತು ತುಂಡಾಗಲು ಶುರು, -120ಕ್ಕೆ ಹೋದರೆ ಇಲ್ಲವೆಂದೇ ಲೆಕ್ಕ.

ದೊಡ್ಡಮ್ಮನ ಮನೆಯಲ್ಲಿ ಹೀಗೇ ಅಳೆದೆ. ಧರೆಯ ಮೇಲೆ -96. ಜಗಲಿಯಲ್ಲಿ -109. ಅಡುಗೆಮನೆ ಒಲೆಯ ಹತ್ತಿರ -119. ನಕಾಶೆಯಲ್ಲಿ ಮೂರೂ ಜಾಗಕ್ಕೆ ಒಂದೇ ಬಣ್ಣ. ಪ್ರತಿ 10ರ ಇಳಿತಕ್ಕೆ ಸಿಗ್ನಲ್ಲಿನ ಶಕ್ತಿ ಹತ್ತರಲ್ಲಿ ಒಂದಾಗುತ್ತದೆ. 23 ಇಳಿದರೆ ಸುಮಾರು ಇನ್ನೂರರಲ್ಲಿ ಒಂದು ಪಾಲು. ಧರೆಯಿಂದ ಒಲೆಗೆ ನಲವತ್ತು ಹೆಜ್ಜೆಯೂ ಇಲ್ಲ.

ಪೋರ್ಟ್ ಮಾಡಿಸುವ ಮೊದಲು ಬೇರೆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕೇಳಿ, ಹತ್ತು ನಿಮಿಷ ನಿಮ್ಮ ಫೋನಿಗೇ ಹಾಕಿ ಅಳೆಯಿರಿ. ಜಗಲಿಯಲ್ಲೊಮ್ಮೆ, ಮಲಗುವ ಕೋಣೆಯಲ್ಲೊಮ್ಮೆ. ರಾತ್ರಿ ಎಂಟರ ಹೊತ್ತಿಗೆ ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ವೇಗವನ್ನೂ ನೋಡಿ, ಎಲ್ಲರೂ ಫೋನು ಹಿಡಿದಾಗ ಟವರ್ ಏದುಸಿರು ಬಿಡುತ್ತದೆ. ಕರೆಂಟ್ ಹೋಗಿ ಎರಡು ಮೂರು ತಾಸಾದ ಮೇಲೂ ನೋಡಲೇಬೇಕು. ಬ್ಯಾಟರಿ ಮುಗಿದು ಜನರೇಟರ್ ಓಡದಿದ್ದರೆ ಟವರೇ ಮಲಗಿತು, ನಕಾಶೆಯಲ್ಲಿ ಬಣ್ಣ ಮಾತ್ರ ಹಾಗೇ ಇರುತ್ತದೆ. ಮಲೆನಾಡಿನ ಆಷಾಢದಲ್ಲಿ ಇದೇ ದೊಡ್ಡ ಪ್ರಶ್ನೆ.

ನಕಾಶೆಯಲ್ಲಿ ಬಣ್ಣ ಇದ್ದೂ ಮನೆಯ ಅಂಗಳದಲ್ಲೇ ಹಿಡಿಯುತ್ತಿಲ್ಲವೆಂದರೆ ಸುಮ್ಮನಿರಬೇಡಿ. ನಕಾಶೆಯ ಸ್ಕ್ರೀನ್‌ಶಾಟ್, ಡಿಬಿಎಂ ಸಂಖ್ಯೆಯ ಸ್ಕ್ರೀನ್‌ಶಾಟ್, ದಿನಾಂಕ, ವೇಳೆ ಎಲ್ಲ ಇಟ್ಟುಕೊಂಡು ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿಗೆ ಕೊಡುವ ಸಂಖ್ಯೆ, ಬರೆದುಕೊಳ್ಳದೆ ಫೋನ್ ಇಡಬೇಡಿ, ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದೇ ಆಧಾರ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ.

ದೊಡ್ಡಮ್ಮನ ಫೋನಿಗೆ ಪಕ್ಕದ ಮನೆಯ ಸಿಮ್ ಹಾಕಿದಾಗ ಒಲೆಯ ಹತ್ತಿರವೇ -104 ಬಂತು. 90 ದಿನ ಮುಗಿದ ಮಾರನೇ ದಿನ ಅವರೇ ಕೇಂದ್ರಕ್ಕೆ ಬಂದರು. ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಅವರ ಹತ್ತಂಕಿ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದೆವು.