ಎರಡೇ ಸಾಲಿನಲ್ಲಿ ಸ್ಪ್ರಿಂಗ್ ಬಿಡಿಸಿ
ಸ್ಪ್ರಿಂಗಿನ ಚಿತ್ರ ಕಾಗದದ ಮೇಲೆ ಸರಿಯಾಗಿ ಮೂಡುವುದು ಕಷ್ಟ. ಕಂಪ್ಯೂಟರಿನಲ್ಲಿ ಅದು ಎರಡು ಸಾಲಿನ ಕೆಲಸ. ಸೈನ್, ಕಾಸ್ ಗೊತ್ತಿದ್ದರೆ ಸಾಕು. ಸಾಫ್ಟ್‌ವೇರ್ ಗ್ನು ಆಕ್ಟೇವ್, ಪೂರ್ತಿ ಉಚಿತ. ಮ್ಯಾಟ್‌ಲ್ಯಾಬ್ ಇದ್ದವರಿಗೂ ಇವೇ ಸಾಲುಗಳು ನಡೆಯುತ್ತವೆ.

ಒಂದು ಇರುವೆ ಕಂಬ ಸುತ್ತುತ್ತಾ ಮೇಲೆ ಹತ್ತುತ್ತಿದೆ ಎಂದುಕೊಳ್ಳಿ. ಟಿ ಅನ್ನುವ ಹೊತ್ತಿಗೆ ಅದು ಎಲ್ಲಿದೆ? ಎಕ್ಸ್ = ಕಾಸ್ ಟಿ, ವೈ = ಸೈನ್ ಟಿ, ಜೆಡ್ = ಟಿ. ಮೊದಲೆರಡು ಇರುವೆಯನ್ನು ಸುತ್ತಿಸುತ್ತವೆ, ಮೂರನೆಯದು ಮೇಲಕ್ಕೆ ಒಯ್ಯುತ್ತದೆ.

ಈಗ ಆಕ್ಟೇವ್ ತೆರೆದು ಇದನ್ನು ಟೈಪ್ ಮಾಡಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ (t, linspace, pi, plot3, cos, sin) ಬರೆಯಬೇಕು.

ಟಿ = ಲಿನ್‌ಸ್ಪೇಸ್(0, 10*ಪೈ, 500);
ಪ್ಲಾಟ್3(ಕಾಸ್(ಟಿ), ಸೈನ್(ಟಿ), ಟಿ)

ಐದು ಸುತ್ತಿನ ಸ್ಪ್ರಿಂಗ್ ಎದ್ದು ನಿಲ್ಲುತ್ತದೆ. ಗ್ರಿಡ್ ಆನ್ ಎಂದು ಬರೆದರೆ ಹಿಂದೆ ಚೌಕಳಿ ಬರುತ್ತದೆ.

ಆ 500 ಏನು? ಅದು ಚುಕ್ಕಿಗಳ ಲೆಕ್ಕ. ಆಕ್ಟೇವಿಗೆ ಬಾಗಿದ ಗೆರೆ ಎಳೆಯಲು ಬರುವುದಿಲ್ಲ. ರಂಗೋಲಿಯ ಹಾಗೆ ಚುಕ್ಕಿ ಇಟ್ಟು, ಪಕ್ಕಪಕ್ಕದವನ್ನು ನೇರ ಗೆರೆಯಿಂದ ಸೇರಿಸುತ್ತದೆ, ಅಷ್ಟೆ. 500ರ ಬದಲು 21 ಹಾಕಿ ನೋಡಿ. ಒಂದೊಂದು ಸುತ್ತಿಗೆ ನಾಲ್ಕೇ ಗೆರೆ, ಸ್ಪ್ರಿಂಗ್ ಚೌಕವಾಗುತ್ತದೆ. ಈಗ 6 ಹಾಕಿ. ಸ್ಪ್ರಿಂಗೇ ಇಲ್ಲ, ನೆಟ್ಟಗೆ ಒಂದು ಕೋಲು! ಪ್ರತಿ ಚುಕ್ಕಿಯೂ ಸರಿಯಾಗಿ ಒಂದು ಪೂರ್ತಿ ಸುತ್ತು ಮುಗಿದ ಜಾಗದಲ್ಲೇ ಬಿದ್ದಿದೆ. ನಡುವೆ ಇರುವೆ ಸುತ್ತಿದ್ದು ಆಕ್ಟೇವಿಗೆ ಗೊತ್ತೇ ಆಗಲಿಲ್ಲ. ಸೂತ್ರ ತಪ್ಪಿಲ್ಲ, ಆದರೂ ಚಿತ್ರ ಸುಳ್ಳು ಹೇಳಿತು. ಆದ್ದರಿಂದ ಯಾವ ಹೊಸ ಚಿತ್ರ ಬಂದರೂ ಚುಕ್ಕಿಗಳನ್ನು ಜಾಸ್ತಿ ಮಾಡಿ ಇನ್ನೊಮ್ಮೆ ನೋಡಿ. ಆಕಾರ ಬದಲಾಗದಿದ್ದರೆ ಮಾತ್ರ ನಂಬಿ.

ಮೇಲೆ ಹೋದಂತೆ ಅಗಲವಾಗುವ ಸುರುಳಿ ಬೇಕಾ? ಮೊದಲ ಸಾಲನ್ನು ಮತ್ತೆ 500 ಹಾಕಿ ಬರೆದು, ಕಾಸ್, ಸೈನ್ ಎರಡನ್ನೂ ಟಿಯಿಂದ ಗುಣಿಸಿ:

ಪ್ಲಾಟ್3(ಟಿ.*ಕಾಸ್(ಟಿ), ಟಿ.*ಸೈನ್(ಟಿ), ಟಿ)

ನಕ್ಷತ್ರದ ಹಿಂದಿನ ಚುಕ್ಕಿ ಮರೆಯಬೇಡಿ. ಅದಿಲ್ಲದಿದ್ದರೆ ಆಕ್ಟೇವ್ ಇದನ್ನು ಮ್ಯಾಟ್ರಿಕ್ಸ್ ಗುಣಾಕಾರ ಎಂದುಕೊಂಡು 'ನಾನ್‌ಕನ್‌ಫಾರ್ಮಂಟ್' (ಅಳತೆ ಹೊಂದುತ್ತಿಲ್ಲ) ಎಂದು ದೂರುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ಕೊನೆಗೆ ಮೊದಲಿನ ಸ್ಪ್ರಿಂಗನ್ನೇ 500 ಚುಕ್ಕಿಯೊಂದಿಗೆ ಮತ್ತೆ ಬಿಡಿಸಿ, ಮೌಸಿನಿಂದ ಹಿಡಿದು ತಿರುಗಿಸಿ. ವ್ಯೂ(2) ಎಂದರೆ ಮೇಲಿನಿಂದ ನೋಟ, ಅಲ್ಲಿ ಬರೀ ಒಂದು ಬಳೆ. ವ್ಯೂ(0, 0) ಎಂದರೆ ಪಕ್ಕದಿಂದ. ಪಠ್ಯಪುಸ್ತಕದಲ್ಲಿ ಮಲಗಿದ್ದ ಕಾಸ್ ಅಲೆ ಅಲ್ಲಿ ಎದ್ದು ನಿಂತಿರುತ್ತದೆ.