ಎದೊಬೇಯ ಕೈ ಕೆತ್ತಿದ್ದು

ಎದೆ ಹತ್ತಿರ ಬಟ್ಟೆಯೊಳಗಿಂದ ಎರಡು ಕೈ ಹೊರಗೆ ಬಂದಿವೆ. ಬೆರಳುಗಳು ಅಗಲವಾಗಿ ಚಾಚಿವೆ. ಮೇಲೆ ಕೊಕ್ಕಿನ ಹಾಗೆ ಬಾಗಿದ ಮೂಗು, ಬಿಗಿದ ಬಾಯಿ, ಪುಟ್ಟ ಕಣ್ಣುಗುಡ್ಡೆ. ಜಪಾನಿನ ಮರದಚ್ಚಿನ ಚಿತ್ರ ಅಂದ ತಕ್ಷಣ ತುಂಬ ಜನರಿಗೆ ನೆನಪಾಗುವ ಮುಖ ಇದು. ಷರಾಕು ಅನ್ನುವ ಚಿತ್ರಕಾರ 1794ರಲ್ಲಿ ಬರೆದದ್ದು. ಕಬುಕಿ ಅನ್ನುವ ಜಪಾನಿನ ಸಾಂಪ್ರದಾಯಿಕ ನಾಟಕದ ನಟ ಮೂರನೇ ಒತಾನಿ ಒನಿಜಿ, ಎದೊಬೇ ಅನ್ನುವ ಕೆಟ್ಟ ಆಳಿನ ವೇಷದಲ್ಲಿದ್ದಾನೆ. ಆ ವರ್ಷದ ಐದನೇ ತಿಂಗಳಲ್ಲಿ ಎದೋದ, ಅಂದರೆ ಈಗಿನ ಟೋಕಿಯೋದ, ಕವಾರಾಜಾಕಿ ರಂಗಮಂದಿರದಲ್ಲಿ ಈ ಆಟ ನಡೆದಿತ್ತು. ಇನ್ನೊಬ್ಬ ಆಳಿನ ಹತ್ತಿರವಿರುವ ಹಣ ಕಿತ್ತುಕೊಳ್ಳಲು ಎದೊಬೇ ಬಂದಿದ್ದಾನೆ.

ಕೆಲಸದ ಮೇಲೆ ಟೋಕಿಯೋದಲ್ಲಿದ್ದಾಗ ವಾರಕ್ಕೊಂದು ದಿನ ಮರದಚ್ಚು ಕಲಿಯಲು ಹೋಗುತ್ತಿದ್ದೆ. ಎರಡನೇ ವರ್ಷ ಈ ಚಿತ್ರವನ್ನೇ ಕೆತ್ತಬೇಕು ಅನ್ನಿಸಿತು. ಗುರುಗಳು ಸ್ವಲ್ಪ ಹೊತ್ತು ಯೋಚಿಸಿ, "ಮುಖ ಕಷ್ಟ, ಕೈ ಇನ್ನೂ ಕಷ್ಟ" ಅಂದರು.

ತೆಳು ಕಾಗದದ ಮೇಲೆ ಗೆರೆಗಳನ್ನು ಬರೆದು, ಅದನ್ನು ಮಗುಚಿ ಚೆರ್ರಿ ಮರದ ಹಲಗೆಗೆ ಅಂಟಿಸಬೇಕು. ಕಾಗದದ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ತೆಗೆದು, ಒಂದು ಹನಿ ಎಣ್ಣೆ ಸವರಿದರೆ ಗೆರೆಗಳು ಎದ್ದು ಕಾಣುತ್ತವೆ. ಆಮೇಲೆ ಚಾಕು. ಗೆರೆಯ ಎರಡೂ ಬದಿಯ ಮರ ತೆಗೆದು ಗೆರೆಯನ್ನು ಉಳಿಸಿಕೊಳ್ಳಬೇಕು. ಹಣೆಯ ಅಂಚಿನ ಕೂದಲು ಕೆತ್ತುವಾಗ ನಾನು ಉಸಿರು ಹಿಡಿದೇ ಕೂತಿರುತ್ತಿದ್ದೆ. ಹಳೇ ಕಾಲದಲ್ಲಿ ಮುಖ, ಕೂದಲು ನುರಿತವರ ಪಾಲಿಗೆ, ಬಟ್ಟೆಯ ಗೆರೆಗಳು ಕಲಿಯುವವರ ಪಾಲಿಗೆ. ಯಾಕೆ ಅಂತ ಆಗ ತಿಳಿಯಿತು.

ಆದರೆ ನಾನು ಎಡವಿದ್ದು ಕೈಯಲ್ಲಿ. ಬೆರಳುಗಳನ್ನು ನುಣ್ಣಗೆ, ಚೆಂದವಾಗಿ ದುಂಡಗೆ ಮಾಡಲು ಹೋದೆ. ಚಾಕು ಜಾರಿತು. ಕಿರುಬೆರಳಿನ ಗೆರೆ ಅಕ್ಕಿಕಾಳಿನಷ್ಟು ಹಾರಿಹೋಯಿತು. ಅವತ್ತು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮನೆಗೆ ಹೋದೆ.

ಅದೇ ವಾರ ಟೋಕಿಯೋದ ಗಿನ್ಜಾದಲ್ಲಿರುವ ಕಬುಕಿಜಾ ರಂಗಮಂದಿರಕ್ಕೆ ಹೋಗಿದ್ದೆ. ಅಲ್ಲಿ ನಾಲ್ಕನೇ ಮಹಡಿಯಲ್ಲಿ ಕೂತು ಒಂದೇ ಅಂಕ ನೋಡುವ ಟಿಕೆಟ್ ಸಿಗುತ್ತದೆ. ಆಟ ಬಿರುಸಾದಾಗ ನಟ ಕತ್ತನ್ನು ಒಂದು ಸುತ್ತು ತಿರುಗಿಸಿ, ಕಾಲೂರಿ, ಕಣ್ಣು ಕೂಡಿಸಿ, ಸ್ತಬ್ಧನಾಗಿ ನಿಲ್ಲುತ್ತಾನೆ. ಇದಕ್ಕೆ ಮಿಎ ಅನ್ನುತ್ತಾರೆ. ರಂಗದ ಬಲ ಅಂಚಿನಲ್ಲಿ ಕೂತವನೊಬ್ಬ ಆಗ ಎರಡು ಮರದ ತುಂಡುಗಳನ್ನು ಹಲಗೆಗೆ ಬಡಿಯುತ್ತಾನೆ. ಆ ಸದ್ದು ಎದೆಗೇ ಬಂದು ತಾಕುತ್ತದೆ. ನಿಂತ ನಟನ ಬೆರಳುಗಳನ್ನೇ ನೋಡಿದೆ. ಒಂದೊಂದು ಬೆರಳಲ್ಲೂ ಬಿಗಿ ಇತ್ತು. ಚೆಂದ ಮಾಡಬೇಕಾದ ಕೈ ಅಲ್ಲ ಅದು, ಈಗಲೋ ಆಗಲೋ ಎರಗಲಿರುವ ಕೈ.

ಮುಂದಿನ ವಾರ ಗುರುಗಳು ದಾರಿ ತೋರಿಸಿದರು. ಮುರಿದ ಜಾಗವನ್ನು ಸಣ್ಣ ಗುಳಿ ಮಾಡಿ, ಚೆರ್ರಿಯದೇ ಚೂರು ಬಿಗಿಯಾಗಿ ಕೂರಿಸಿ, ಮಟ್ಟ ಮಾಡಿ, ಗೆರೆಯನ್ನು ಹೊಸದಾಗಿ ಕೆತ್ತುವುದು. ಈ ಸಲ ಬೆರಳಿನ ಗಿಣ್ಣು ಬಂದಾಗ ಚಾಕು ನಿಲ್ಲಿಸಿ, ತಿರುಗಿಸಿ, ಮತ್ತೆ ಎಳೆದೆ. ಗೆರೆ ಸ್ವಲ್ಪ ಒರಟಾಯಿತು. ಕೈಗೆ ಜೀವ ಬಂತು.

ಬಣ್ಣಕ್ಕೆ ಒಂದೊಂದು ಹಲಗೆ. ಎಲ್ಲದರ ಮೂಲೆಯಲ್ಲೂ ಕಾಗದ ಕೂರಿಸಲು ಕೆಂತೊ ಅನ್ನುವ ಗುರುತು ಕೆತ್ತಿರುತ್ತದೆ. ಹಲಗೆಗೆ ಬಣ್ಣ, ಒಂದಿಷ್ಟು ಅಕ್ಕಿ ಅಂಟು, ಬ್ರಷ್‌ನಲ್ಲಿ ತಿಕ್ಕಿ, ಒದ್ದೆ ಕಾಗದ ಇಟ್ಟು, ಬಿದಿರಿನ ಹೊದಿಕೆ ಸುತ್ತಿದ ಬಾರೆನ್ ಅನ್ನುವ ದುಂಡನೆ ಬಿಲ್ಲೆಯಿಂದ ಹಿಂಬದಿ ಉಜ್ಜಬೇಕು. ಜನವರಿಯಲ್ಲಿ ಟೋಕಿಯೋದ ಗಾಳಿ ತುಂಬ ಒಣಗಿರುತ್ತದೆ. ಜೊತೆಗೆ ಹೀಟರ್ ಬೇರೆ. ಕಾಗದ ಒಣಗಿ ಕುಗ್ಗಿತು, ಕೆಂಪು ಬಣ್ಣ ಗೆರೆಯಿಂದ ಒಂದು ಮಿಲಿಮೀಟರ್ ಆಚೆ ಬಿತ್ತು. ಹೀಟರ್ ಆರಿಸಿ, ಒದ್ದೆ ಪೇಪರಿನ ನಡುವೆ ಹಾಳೆಗಳನ್ನಿಟ್ಟು ಮತ್ತೆ ಶುರುಮಾಡಿದೆ. 12ರಲ್ಲಿ 4 ಹಾಳೆ ಚೆನ್ನಾಗಿ ಬಂದವು.

ಕೊನೆಗೆ ಹಿನ್ನೆಲೆ. ಷರಾಕುವಿನ ಮೊದಲ 28 ನಟರ ಚಿತ್ರಗಳಿಗೂ ಕಪ್ಪು ಹಿನ್ನೆಲೆಯ ಮೇಲೆ ಅಭ್ರಕದ ಪುಡಿ ಇದೆ. ನಮ್ಮ ಕಡೆ ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ಟ್ಯೂಬ್‌ಲೈಟಿನಲ್ಲಿ ಅದು ಸುಮ್ನೆ ಬೂದಿ ಬಣ್ಣ. ಆಗಿನ ರಂಗಮಂದಿರಗಳಲ್ಲಿ ಕಿಟಕಿಯ ಬೆಳಕು, ಸಾಲದಾದಾಗ ಉದ್ದ ಕೋಲಿನ ತುದಿಯಲ್ಲಿ ನಟನ ಮುಖಕ್ಕೆ ಹಿಡಿದ ಮೇಣದಬತ್ತಿ. ನಾನೂ ದೀಪ ಆರಿಸಿ ಮೇಣದಬತ್ತಿ ಹಚ್ಚಿದೆ. ಹಾಳೆಯನ್ನು ಸ್ವಲ್ಪ ಓರೆ ಮಾಡಿದೆ. ಹಿನ್ನೆಲೆ ಮಿನುಗಿತು, ಎದೊಬೇ ಕತ್ತಲಿಂದ ಮುಂದೆ ಬಂದ ಹಾಗಾಯಿತು.

ಮೂಲ ಹಾಳೆಯ ಮೇಲೆ ಷರಾಕುವಿನ ಹೆಸರಿದೆ, ಪ್ರಕಾಶಕ ತ್ಸುತಾಯಾ ಜುಜಾಬುರೊನ ಗುರುತಿದೆ. ಕೆತ್ತಿದವರ, ಅಚ್ಚು ಹಾಕಿದವರ ಹೆಸರಿಲ್ಲ. ಆ ಕೂದಲನ್ನು ಕೆತ್ತಿ ನೋಡಿದ ಮೇಲೆ ಇದು ನನಗೆ ನಿಜವಾಗಿ ನೋವು ಕೊಡುತ್ತದೆ. ನನ್ನ ಹಲಗೆ ಈಗ ಮೇಜಿನ ಮೇಲಿದೆ. ಅಚ್ಚಿನಲ್ಲಿ ತೇಪೆ ಕಾಣುವುದಿಲ್ಲ. ಮರದ ಮೇಲೆ ಬೆರಳಾಡಿಸಿದರೆ ಮಾತ್ರ ಕಿರುಬೆರಳಿನ ಹತ್ತಿರ ಸಿಗುತ್ತದೆ.